ಲೈಸೆನ್ಸ್ ಇದ್ದವಳು

ಆಂಧ್ರದ ಗಡಿಯೂರು ರಾಯದುರ್ಗದ ಆ ಓಣಿಯಲ್ಲಿ ಬೆಳಗಾಗುವುದೇ ಹೊಲಿಗೆ ಮಿಷನ್ನಿನ ಸದ್ದಿನಿಂದ. ಮನೆಗೆ ಒಂದಾದರೂ ಮಿಷನ್ನು, ಕೆಲವು ಮನೆಗಳಲ್ಲಿ ಮೂರು. ಎಷ್ಟು ಗುಡಿಸಿದರೂ ಹೊಸಿಲ ಮುಂದೆ ಜೀನ್ಸಿನ ನೀಲಿ ಚೂರುಗಳು ಬಿದ್ದಿರುತ್ತವೆ. ಮಮತಾ ಆ ಓಣಿಗೆ ಸೊಸೆಯಾಗಿ ಬಂದು ಹನ್ನೆರಡು ವರ್ಷವಾಗಿತ್ತು. ಹುಟ್ಟಿದ್ದು ಮಡಕಶಿರದ ಕಡೆಯ ಒಂದು ಹಳ್ಳಿಯ ರೇಷ್ಮೆ ಸಾಕುವ ಮನೆಯಲ್ಲಿ. ಅಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಕೈ ಇಲ್ಲಿಗೆ ಬಂದ ಮೇಲೆ ಪ್ಯಾಂಟಿಗೆ ಜಿಪ್ಪು ಕೂರಿಸುವುದನ್ನು ಕಲಿತಿತು. ಮಾತು ಕೂಡ ಎರಡಾಯಿತು. ತವರಿನಲ್ಲಿ ತವರಿನ ಮಾತು, ಗಂಡನ ಊರಿನಲ್ಲಿ ಗಂಡನ ಊರಿನದು.

ಗಂಡ ಗುರುಪ್ರಕಾಶ್ ಒಂದು ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಮಾಸ್ಟರು. ಕತ್ತರಿಸಿದ ಬಟ್ಟೆಯನ್ನು ಬಂಡಲು ಕಟ್ಟಿ ಊರೂರಿನ ಹೆಂಗಸರಿಗೆ ಹೊಲಿಯಲು ಕೊಟ್ಟು, ಹೊಲಿದದ್ದನ್ನು ವಾಪಸು ತರುವ ಕೆಲಸ ಮಮತಾಳದು. ಗುಮ್ಮಘಟ್ಟದ ಕಡೆಯ ನಾಲ್ಕು ಹಳ್ಳಿಗಳು ಅವಳ ಪಾಲಿಗಿದ್ದವು. ಶೇರ್ ಆಟೋದವರು ಬಂಡಲು ಕಂಡರೆ ಮುಖ ತಿರುಗಿಸುತ್ತಿದ್ದರು, ಹತ್ತಿಸಿಕೊಂಡರೂ ಅರ್ಧ ದಾರಿಯಲ್ಲಿ ಇಳಿಸಿ ಇನ್ನೊಂದು ಆಟೋ ನೋಡಿಕೋ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ಬಿಸಿಲಲ್ಲಿ ಒಂದೂವರೆ ತಾಸು ನಿಂತು ಬಂದವಳು, ಕಾಲು ತೊಳೆಯುವುದಕ್ಕೂ ಮೊದಲು ಗಂಡನಿಗೆ ಹೇಳಿದಳು: "ನಾನು ಗಾಡಿ ಕಲೀತೀನ್ರಿ."

ಗುರುಪ್ರಕಾಶ್ ಬೇಡವೆನ್ನಲಿಲ್ಲ. ಅವನು ಅಂಥವನಲ್ಲ. ಕೆಂಪು ಬಣ್ಣದ ಸೆಕೆಂಡ್ ಹ್ಯಾಂಡ್ ಸ್ಕೂಟಿಯೊಂದನ್ನು ತಾನೇ ಹುಡುಕಿ, ಮಮತಾಳ ಹೆಸರಿಗೇ ಮಾಡಿಸಿ, ಇನ್ಸೂರೆನ್ಸ್ ಕಟ್ಟಿ ತಂದು ಬಾಗಿಲ ಮುಂದೆ ನಿಲ್ಲಿಸಿದ. ಕಲಿಸುವುದು ಮಾತ್ರ ತನ್ನಿಂದಾಗದು, ಸಿಟ್ಟು ಬರುತ್ತದೆ ಎಂದು ಆದಿನಾರಾಯಣ ಅವರ ಹತ್ತಿರ ಕಳಿಸಿದ.

ಆದಿನಾರಾಯಣ ಸರ್ಕಾರಿ ಬಸ್ಸಿನ ಡ್ರೈವರಾಗಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಅವರ ಬಸ್ಸಿಗೆ ಒಂದು ಕೋಳಿಯೂ ಸಿಕ್ಕಿರಲಿಲ್ಲವೆಂದು ಊರಿನವರು ಹೇಳುತ್ತಿದ್ದರು. ಊರ ಹೊರಗಿನ ಖಾಲಿ ಬಯಲಿನಲ್ಲಿ ಬೆಳಿಗ್ಗೆ ಆರರಿಂದ ಎಂಟರವರೆಗೆ ಹೆಂಗಸರಿಗೆ ಸ್ಕೂಟಿ ಕಲಿಸುತ್ತಿದ್ದರು. ಅದು ಡ್ರೈವಿಂಗ್ ಸ್ಕೂಲಲ್ಲ, ಬೋರ್ಡೂ ಇರಲಿಲ್ಲ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಏನು ಮಾಡುವುದೆಂದು ಸೊಸೆಗೆ ಕಲಿಸಲು ಹೊರಟವರು, ಸೊಸೆಯ ಗೆಳತಿ, ಗೆಳತಿಯ ಅಕ್ಕ ಎಂದು ಹಾಗೇ ಮುಂದುವರಿದಿದ್ದರು.

ಮೊದಲ ದಿನ ಅವರು ಮಾಡಿದ ಕೆಲಸವೆಂದರೆ ಮಮತಾಳ ಕೈಯಿಂದ ಕೀಲಿ ಇಸಿದುಕೊಂಡು ತಮ್ಮ ಅಂಗಿ ಜೇಬಿಗೆ ಹಾಕಿಕೊಂಡದ್ದು.

"ಅಲ್ಲಿ ಬಯಲಿನ ಆ ಕಡೆ ಲಾರಿ ನಿಂತೈತಲ್ಲ, ಅದರ ನಂಬರ್ ಓದು."

ಮಮತಾ ಓದಿದಳು.

"ಕಣ್ಣು ಸರಿ ಅದಾವ. ಇನ್ನ ಗಾಡಿ ಸ್ಟ್ಯಾಂಡ್‌ಗೆ ಹಾಕು, ತೆಗಿ, ತಳ್ಳಿಕೊಂಡು ಒಂದು ಸುತ್ತು ಬಾ. ಹತ್ತು ಸಲ."

ಮೂರು ದಿನ ಇಂಜಿನ್ ಶುರುಮಾಡಲು ಬಿಡಲೇ ಇಲ್ಲ. ಹೆಲ್ಮೆಟ್ಟಿನ ಪಟ್ಟಿ ಸರಿಯಾಗಿ ಬಿಗಿದಿದ್ದಾಳೋ ಇಲ್ಲವೋ ಎಂದು ಹಿಂದಿನಿಂದ ಬಂದು ಎಳೆದು ನೋಡುತ್ತಿದ್ದರು. ಗಾಡಿ ತಳ್ಳುತ್ತ ತಳ್ಳುತ್ತಲೇ ಬ್ರೇಕು ಹಿಡಿಯುವುದನ್ನು ಕಲಿಸಿದರು. "ಎರಡೂ ಕೂಡೇ ಹಿಡಿಯಮ್ಮ. ಮುಂದಿಂದು ಒಂದೇ ಗಕ್ಕನ ಹಿಡದ್ರ ನೆಲ ಕಾಣ್ತಿ. ಬೆಕ್ಕಿನ ಮರಿ ಎತ್ತಿಕಂಡಂಗ ಹಿಡಿ, ಬಿಡಬಾರದು, ಹಿಚುಕಬಾರದು." ಜೊತೆಗಿದ್ದ ರಮ್ಯ ಎಂಬ ಹುಡುಗಿ ಎರಡನೆಯ ದಿನವೇ ಬೇಸತ್ತು, ಅಣ್ಣನ ಹತ್ತಿರ ಕಲಿಯುತ್ತೇನೆಂದು ಹೋಗಿಬಿಟ್ಟಳು. ಮಮತಾ ಹೋಗಲಿಲ್ಲ. ಹೊಲಿಗೆಯನ್ನೂ ಅವಳು ಹಾಗೇ ಕಲಿತಿದ್ದಳು. ಒಂದು ವಾರ ಬರಿಯ ಕಾಗದದ ಮೇಲೆ ನೂಲಿಲ್ಲದ ಸೂಜಿ ಓಡಿಸಿದ ಮೇಲೇ ಬಟ್ಟೆ ಮುಟ್ಟಿದ್ದಳು.

ಆಮೇಲೆ ಇಂಜಿನ್, ನಿಧಾನದ ಓಟ, ಸುಣ್ಣದ ಪುಡಿಯಲ್ಲಿ ಬರೆದ ಎಂಟರ ಅಂಕಿಯ ಮೇಲೆ ಸುತ್ತುವುದು. ಮೀಸೇವಾ ಕೇಂದ್ರದಲ್ಲಿ ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಅರ್ಜಿ ಹಾಕಿ, ಕಂಪ್ಯೂಟರಿನ ಮುಂದೆ ಕೂತು ರಸ್ತೆ ಚಿಹ್ನೆಗಳ ಪರೀಕ್ಷೆ ಬರೆದು ಪಾಸಾದಳು. ಗಾಡಿಯ ಹಿಂದೆ ಮುಂದೆ ಕೆಂಪು ಎಲ್ ಅಂಟಿಸಿದ ಮೇಲೆಯೇ ಆದಿನಾರಾಯಣ ಅವಳನ್ನು ರಸ್ತೆಗೆ ಬಿಟ್ಟದ್ದು. ತಾವು ಹಳೆಯ ಮೋಟಾರ್ ಸೈಕಲ್ಲಿನಲ್ಲಿ ಹಿಂದೆ ಹಿಂದೆ ಬರುತ್ತಿದ್ದರು. ತಿರುಗುವ ಮುಂಚೆ ಕನ್ನಡಿ ನೋಡು, ಕನ್ನಡಿಯನ್ನು ನಂಬಬೇಡ, ಹೆಗಲ ಮೇಲಿಂದ ತಿರುಗಿ ನೋಡು ಎನ್ನುವರು. ಓಬಳಾಪುರದ ಕಡೆಯಿಂದ ಬರುವ ಅದಿರಿನ ಲಾರಿಯ ಪಕ್ಕದಲ್ಲಿ ಎಂದೂ ನಿಲ್ಲಬೇಡ, ಲಾರಿಯ ಕನ್ನಡಿಯಲ್ಲಿ ಡ್ರೈವರನ ಮುಖ ನಿನಗೆ ಕಾಣದಿದ್ದರೆ ನೀನೂ ಅವನಿಗೆ ಕಾಣುವುದಿಲ್ಲ ಎನ್ನುವರು.

ಟೆಸ್ಟಿನ ದಿನ ಎಂಟಿನ ಎರಡನೆಯ ತಿರುವಿನಲ್ಲಿ ಮಮತಾಳ ಎಡಗಾಲು ನೆಲಕ್ಕೆ ತಾಗಿತು. ತಾಗಿದ್ದು ಒಂದು ಕ್ಷಣ. ಟೆಸ್ಟ್ ನಡೆಸುತ್ತಿದ್ದ ಬ್ರೇಕ್ ಇನ್ಸ್‌ಪೆಕ್ಟರು ತಲೆಯಾಡಿಸಿ ಮುಂದಿನವರನ್ನು ಕರೆದರು. ಗೇಟಿನ ಹೊರಗೆ ನಿಂತಿದ್ದ ದಲ್ಲಾಳಿಯೊಬ್ಬ ಹಿಂದೆಯೇ ಬಂದು, "ನನಗೊಂದು ಮಾತು ಹೇಳಿದ್ರ ಸಾಕಿತ್ತಲ್ಲಮ್ಮ" ಎಂದ. ಅವಳು ನಿಲ್ಲದೆ ನಡೆದಳು. ಊರಿಗೆ ಬಂದು ಆದಿನಾರಾಯಣರ ಮುಂದೆ ಕಣ್ಣೊರೆಸಿಕೊಂಡಾಗ ಅವರು ಸಮಾಧಾನವನ್ನೇನೂ ಹೇಳಲಿಲ್ಲ.

"ಕಾಲು ಊರಿದಿ ಅಂದ್ರ ಊರಿದಿ. ಅವರು ಫೇಲ್ ಮಾಡಿದ್ದು ಸರಿ ಐತಿ. ನಾಳೆ ಆರಕ್ಕ ಬಾ."

ಮುಂದಿನ ತಿಂಗಳು ಪಾಸಾದಳು. ಲೈಸೆನ್ಸಿನ ಕಾರ್ಡು ಟಪಾಲಿನಲ್ಲಿ ಬಂದ ದಿನ ಗುರುಪ್ರಕಾಶ್ ಅದರ ಎರಡೂ ಬದಿಯ ಫೋಟೋ ತೆಗೆದು ತನ್ನ ಫೋನಿನಲ್ಲಿ ಇಟ್ಟುಕೊಂಡ. ಗಾರ್ಮೆಂಟ್ಸ್‌ನಲ್ಲಿ ಎಲ್ಲರಿಗೂ ತೋರಿಸಿದ. "ನಮ್ಮ ಮನ್ಯಾಗ ಲೈಸೆನ್ಸ್ ಇರೋಳು ಇಕಿ ಒಬ್ಬಾಕಿನೇ" ಎಂದು ನಗುತ್ತ ಹೇಳುತ್ತಿದ್ದ. ಅದು ನಿಜವೇ ಆಗಿತ್ತು. ಅವನಾಗಲಿ, ಅವನ ತಮ್ಮ ಸಾಯಿಪ್ರಸಾದನಾಗಲಿ ಲೈಸೆನ್ಸ್ ಮಾಡಿಸಿರಲಿಲ್ಲ. ಊರೊಳಗೆ ಯಾರು ಕೇಳುತ್ತಾರೆ ಎಂದು ಇಬ್ಬರೂ ಯಾರು ಯಾರದೋ ಗಾಡಿ ಓಡಿಸುತ್ತಿದ್ದರು.

ಒಂದೂವರೆ ವರ್ಷ ಮಮತಾ ಬಂಡಲು ಹೊತ್ತು ಗುಮ್ಮಘಟ್ಟದ ರಸ್ತೆಯಲ್ಲಿ ಓಡಾಡಿದಳು. ಹಳ್ಳಿಯ ಹೆಂಗಸರು ಅವಳ ಗಾಡಿಯ ಹಾರನ್ನಿನ ಗುರುತು ಹಿಡಿದು ಬಾಗಿಲಿಗೆ ಬರುತ್ತಿದ್ದರು.

ಅದೊಂದು ಗುರುವಾರ. ತುರ್ತಿನ ಆರ್ಡರು ಬಂದಿತ್ತೆಂದು ಅವಳು ಹೊರಗೆ ಹೋಗದೆ ಬೆಳಗಿನಿಂದ ಮಿಷನ್ನಿನ ಮೇಲೇ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸಾಯಿಪ್ರಸಾದ ಗೂಟದಲ್ಲಿದ್ದ ಕೀಲಿ ತೆಗೆದುಕೊಂಡ ಸದ್ದು ಕೇಳಿತು. "ಅತ್ತಿಗೀ, ಈಗ ಬಂದೆ" ಎಂದ. ಅವಳು ತಲೆಯೆತ್ತದೆ "ಹೆಲ್ಮೆಟ್ ಹಾಕ್ಕ" ಎಂದಳು. ಹೆಲ್ಮೆಟ್ಟು ಗೂಟದಲ್ಲೇ ಉಳಿದದ್ದನ್ನು ಅವಳು ನೋಡಿದ್ದು ಆಮೇಲೆ.

ಐದು ಗಂಟೆಗೆ ಬಾಗಿಲಲ್ಲಿ ಕಾನ್‌ಸ್ಟೇಬಲ್ ಒಬ್ಬ ನಿಂತಿದ್ದ.

"ಮಮತಾ ಅಂದ್ರ ನೀವೇನಮ್ಮ?"

"ಹೌದ್ರಿ."

"ಒರಿಜಿನಲ್ ಲೈಸೆನ್ಸ್, ಗಾಡಿ ಕಾಗದ ತಗಂಡು ಠಾಣೆಗೆ ಬರ್ರಿ. ನಿಮ್ಮೆಜಮಾನ್ರು ಅಲ್ಲೇ ಅದಾರ."

ಏನಾಯಿತೆಂದು ಕೇಳಿದರೆ ಆತ ಅವಳನ್ನು ವಿಚಿತ್ರವಾಗಿ ನೋಡಿದ. "ನಮ್ಮನ್ನ ಕೇಳ್ತೀರೇನಮ್ಮ?" ಎಂದು ಹೊರಟುಹೋದ.

ಠಾಣೆಯ ಮುಂದೆ ಗುರುಪ್ರಕಾಶ್ ಕಾಯುತ್ತಿದ್ದ. ಅವಳ ಕೈಹಿಡಿದು ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಬೇಗಬೇಗ ಹೇಳಿದ. ಸಾಯಿಪ್ರಸಾದ ಕಣೇಕಲ್ಲು ರಸ್ತೆಯಲ್ಲಿ ಸೊಪ್ಪು ಮಾರುವ ಕಾಟಮ್ಮನಿಗೆ ಗುದ್ದಿದ್ದಾನೆ. ಮುದುಕಿಯ ಕಾಲು ಮುರಿದಿದೆ. ಅವನು ಗಾಡಿ ಅಲ್ಲೇ ಬಿಟ್ಟು ಓಡಿಬಂದಿದ್ದಾನೆ. ನೋಡಿದವರು ಸಾಕ್ಷಿಯ ಗೊಡವೆ ಬೇಡವೆಂದು ಕರಗಿಹೋಗಿದ್ದಾರೆ.

"ಈಗ ಸಾಯಿ ಎಲ್ಲದಾನ?"

"ಅವನ ಮಾತು ಬಿಡು. ಅವನು ಅಲ್ಲಿ ಇರಲೇ ಇಲ್ಲ ಅಂತ ತಿಳ್ಕ. ಕಾನ್‌ಸ್ಟೇಬಲ್ ಸೆಲೆಕ್ಷನ್‌ದಾಗ ಓಟ, ಲಾಂಗ್ ಜಂಪ್ ಎಲ್ಲ ಪಾಸಾಗ್ಯಾನ. ರಿಟನ್ ಪರೀಕ್ಷೆ ಒಂದು ಉಳದೈತಿ. ಕೇಸು ಬಿತ್ತು ಅಂದ್ರ ಅವನ ಜೀವನ ಹೋತು." ಗುರುಪ್ರಕಾಶ್ ಠಾಣೆಯ ಬಾಗಿಲ ಕಡೆ ಒಮ್ಮೆ ನೋಡಿದ. "ಗಾಡಿ ಓಡಿಸಿದ್ದು ನೀನು ಅಂತ ಬರ್ದು ಕೊಟ್ಟೀನಿ."

"ಬರ್ದು ಕೊಟ್ಟೀರಿ ಅಂದ್ರ? ಯಾವಾಗ?"

"ಮೂರು ಗಂಟೀಗೆ. ನಿನ್ನ ಹತ್ರ ಲೈಸೆನ್ಸ್ ಐತಲ್ಲ. ಲೈಸೆನ್ಸ್ ಇಲ್ದೋರು ಹೊಡದ್ರ ಇನ್ಸೂರೆನ್ಸ್ ಬರಂಗಿಲ್ಲ, ಆ ಮುದುಕಿಗೂ ಏನೂ ಸಿಗಂಗಿಲ್ಲ. ನಿನಗೇನೂ ಆಗಂಗಿಲ್ಲ. ಒಂದು ಸೈನ್, ಅಷ್ಟೇ."

ಮೂರು ಗಂಟೆಗೆ ಅವಳು ಮಿಷನ್ನಿನ ಮೇಲೆ ಕೂತು ಸಾಯಿಪ್ರಸಾದ ಯಾಕೆ ಇನ್ನೂ ಬರಲಿಲ್ಲ, ಟೀ ಇಟ್ಟರೆ ಆರಿಹೋಗುತ್ತದೆ ಎಂದುಕೊಳ್ಳುತ್ತಿದ್ದಳು. ಗುರುಪ್ರಕಾಶನ ಜೇಬಿನಲ್ಲಿ ಫೋನಿತ್ತು. ಅವನು ಫೋನು ತೆಗೆದದ್ದು ಅವಳಿಗೆ ಮಾಡುವುದಕ್ಕಲ್ಲ, ಲೈಸೆನ್ಸಿನ ಫೋಟೋ ನೋಡಿ ನಂಬರು ಬರೆಯುವುದಕ್ಕೆ.

ಒಳಗೆ ಮೇಜಿನ ಮೇಲೆ ಕಾಗದವಿತ್ತು. ತೆಲುಗಿನಲ್ಲಿ, ಗಂಡನ ಗುಂಡು ಗುಂಡು ಅಕ್ಷರದಲ್ಲಿ. ನನ್ನ ಹೆಂಡತಿ ಮಮತಾ ಸ್ಕೂಟಿಯನ್ನು ಅಜಾಗರೂಕತೆಯಿಂದ ಓಡಿಸಿ, ಎದುರು ಬಂದ ಮುದುಕಿಯನ್ನು ಗಮನಿಸದೆ ಗುದ್ದಿ, ಗಾಬರಿಯಾಗಿ ಸ್ಥಳದಿಂದ ಮನೆಗೆ ಬಂದಳು. ಅವಳು ಎರಡು ಸಲ ಓದಿದಳು. ಬರಹದಲ್ಲಿ ಒಂದೂ ತಪ್ಪಿರಲಿಲ್ಲ, ಒಂದೂ ಕಾಟು ಹಾಕಿರಲಿಲ್ಲ. ಎಸ್‌ಐ ಬೇರೊಂದು ಜಗಳದವರ ಜೊತೆ ಮಾತಾಡುತ್ತಲೇ ಕಾಗದದ ಕಡೆ ಬೆರಳು ತೋರಿಸಿದರು. ಅವರಿಗೆ ಗೊತ್ತಿದ್ದದ್ದು ಗುರುಪ್ರಕಾಶ್ ಹೇಳಿದ್ದಷ್ಟೇ.

ಅವಳು ಸೈನ್ ಮಾಡಿದಳು. ಯಾಕೆ ಮಾಡಿದೆ ಎಂದು ಆಮೇಲೆ ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಳು. ಬರೆದಾಗಿತ್ತು, ಹತ್ತು ಜನ ನೋಡುತ್ತಿದ್ದರು, ಅಲ್ಲಿ ನಾನಲ್ಲ ಎಂದರೆ ಗಂಡ ಸುಳ್ಳು ಹೇಳಿದಂತಾಗಿ ಅವನ ಮೇಲೂ ಕೇಸಾಗುತ್ತಿತ್ತು. ಕೈ ತಾನಾಗಿಯೇ ಹೋಯಿತು.

ಮನೆಯಲ್ಲಿ ಅತ್ತೆ ಚೌಡೇಶ್ವರಿ ಬಾಗಿಲಲ್ಲೇ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನೀನು ಸೊಸಿ ಅಲ್ಲವ್ವ, ನನ್ನ ಮಗಳು." ಒಳಗಿನ ಕೋಣೆಯಲ್ಲಿ ಸಾಯಿಪ್ರಸಾದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನು ಏಳಲಿಲ್ಲ. ಅಂದಿನಿಂದ ಮುಂದೆ ಅವಳಿದ್ದ ಕಡೆ ಅವನು ನಿಲ್ಲುತ್ತಲೂ ಇರಲಿಲ್ಲ.

ಮರುದಿನ ಮಮತಾ ಒಬ್ಬಳೇ ಆಸ್ಪತ್ರೆಗೆ ಹೋದಳು. ಕಾಟಮ್ಮ ಗೋಡೆಯ ಪಕ್ಕದ ಮಂಚದಲ್ಲಿ ಮಲಗಿದ್ದಳು, ಬಲಗಾಲಿಗೆ ಮೊಣಕಾಲಿನ ಮೇಲಿನವರೆಗೂ ಪ್ಲಾಸ್ಟರಿನ ಕಟ್ಟು. ಮಮತಾ ತಂದ ಬಾಳೆಹಣ್ಣನ್ನು ತಲೆದಿಂಬಿನ ಪಕ್ಕ ಇಟ್ಟು, ಮಂಚದ ಹತ್ತಿರ ನಿಂತಳು. ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀನೇನಮ್ಮ ಗುರುಪ್ರಕಾಶನ ಹೇಣ್ತಿ?"

"ಹೌದಮ್ಮ."

"ಹೊಡದಿದ್ದು ನೀನಲ್ಲ. ಗಡ್ಡ ಬಿಟ್ಟ ಹುಡುಗ. ನನ್ನ ಕಣ್ಣು ಇನ್ನೂ ಹೋಗಿಲ್ಲ."

ಈ ಊರಿನಲ್ಲಿ ನಿಜ ಗೊತ್ತಿದ್ದು ನಿಜ ಆಡುವವರು ಒಬ್ಬರಾದರೂ ಇದ್ದಾರೆ ಎಂದುಕೊಂಡಳು ಮಮತಾ. ಅವಳು ಮಂಚದ ಅಂಚಿಗೆ ಕುಳಿತುಬಿಟ್ಟಳು. ಅಷ್ಟರಲ್ಲಿ ಕಾಟಮ್ಮ ದನಿ ತಗ್ಗಿಸಿದಳು.

"ಆದ್ರ ಪೊಲೀಸರಿಗೆ ನಾನೂ ನೀನೇ ಅಂತ ಹೇಳೀನವ್ವ. ನಿನ್ನ ಗಂಡ ನಿನ್ನೆ ಬಂದು ಕಾಲು ಹಿಡಕಂಡ. ಹುಡುಗ ಅಂದ್ರ ನನಗ ಒಂದು ಪೈಸೆ ಬರಂಗಿಲ್ಲಂತ. ನೀನು ಅಂದ್ರ ಇನ್ಸೂರೆನ್ಸ್‌ನೋರು ಕೊಡ್ತಾರಂತ. ನಾನು ಒಂಟಿ ಜೀವ, ಬುಟ್ಟಿ ಹೊತ್ರ ಉಂಟು, ಇಲ್ಲಾಂದ್ರ ಇಲ್ಲ. ಬೈಕಬ್ಯಾಡ."

ಮಮತಾ ಬಾಳೆಹಣ್ಣು ಸುಲಿದು ಮುದುಕಿಯ ಕೈಗೆ ಕೊಟ್ಟು ಎದ್ದು ಬಂದಳು.

ಓಣಿಯಲ್ಲಿ ಸುದ್ದಿ ಹರಡಲು ಎರಡು ದಿನವೂ ಬೇಕಾಗಲಿಲ್ಲ. ಎದುರುಮನೆಯ ಲಕ್ಷ್ಮಕ್ಕ ಕೇಳಿಸುವಂತೆಯೇ ಅಂದಳು: "ಹೆಣ್ಣುಮಕ್ಕಳ ಕೈಯಾಗ ಗಾಡಿ ಕೊಟ್ರ ಇನ್ನೇನಾಗ್ತೈತಿ." ಗುರುಪ್ರಕಾಶ್ ಅಲ್ಲೇ ನಿಂತು ಹಲ್ಲುಜ್ಜುತ್ತಿದ್ದ. ಬಾಯಿ ಮುಕ್ಕಳಿಸಿ ಒಳಗೆ ಬಂದ.

ಭಾನುವಾರ ಬೆಳಿಗ್ಗೆ ಆದಿನಾರಾಯಣ ಬಂದರು. ಕಾಫಿ ಬೇಡವೆಂದರು. ಹೊರಗಿನ ಕಟ್ಟೆಯ ಮೇಲೆ ಕೂತು, ಬೈಯುವವರ ಹಾಗಲ್ಲದೆ, ಕಳೆದುಹೋದ ವಸ್ತು ಹುಡುಕುವವರ ಹಾಗೆ ಕೇಳತೊಡಗಿದರು.

"ಮುದುಕಿ ಎಡಗಡಿಂದ ಬಂದ್ಲೋ, ಬಲಗಡಿಂದೋ?"

"...ಎಡಗಡಿಂದ."

"ನೀನು ಎಷ್ಟು ದೂರದಾಗ ನೋಡಿದಿ? ಬ್ರೇಕ್ ಯಾವುದು ಹಿಡಿದಿ ಮೊದಲು?"

ಮಮತಾ ನೆಲ ನೋಡಿದಳು. ಬಾಗಿಲ ಹಿಂದೆ ಗುರುಪ್ರಕಾಶ್ ನಿಂತಿರುವುದು ಅವನ ಚಪ್ಪಲಿಯ ಸದ್ದಿನಿಂದ ತಿಳಿಯುತ್ತಿತ್ತು.

"ನೆಪ್ಪಿಲ್ಲ ಸಾರ್."

"ನೆಪ್ಪಿಲ್ಲ ಅಂದ್ರ ಹೆಂಗಮ್ಮ? ನಿನ್ನಂಗ ಕಲತಾಕಿ ಇನ್ನೊಬ್ಬಾಕಿ ಇಲ್ಲ. ಟೆಸ್ಟ್‌ನ್ಯಾಗ ಯಾವ ಕಲ್ಲಿನ ಹತ್ರ ಕಾಲು ಊರಿದೆ ಅಂತ ನನಗ ಬಂದು ಹೇಳಿದಾಕಿ ನೀನು." ಅವರು ಬೆರಳಿನಿಂದ ಕಟ್ಟೆಯ ಮೇಲೆ ಒಂದು ಎಂಟು ಬರೆದರು. "ತಪ್ಪು ನಂದೇ ಇರಬೇಕು. ಮಂದಿ ಅಡ್ಡ ಬಂದಾಗ ಏನು ಮಾಡಬೇಕು ಅನ್ನೋದು ಬಯಲಾಗ ಕಲಿಸಿದೆ, ಸಂತಿಯಾಗ ಕಲಿಸಲಿಲ್ಲ. ಇನ್ನೊಂದು ವಾರ ಹೆಚ್ಚಿಗಿ ಇಟ್ಕೋಬೇಕಿತ್ತು ನಿನ್ನ."

ಅವರು ಎದ್ದು ಹೋದ ಮೇಲೆ ಗುರುಪ್ರಕಾಶ್ ಹೊರಗೆ ಬಂದು, "ಚಲೋ ಮಾಡಿದಿ" ಎಂದ. ಆ ಮಾತು ಅವಳಿಗೆ ಚುಚ್ಚಿದ ಹಾಗೆ ಠಾಣೆಯ ಕಾಗದವೂ ಚುಚ್ಚಿರಲಿಲ್ಲ.

ಅದರ ಮುಂದಿನ ವಾರದಿಂದ ಆದಿನಾರಾಯಣ ಬಯಲಿಗೆ ಬರುವುದನ್ನು ನಿಲ್ಲಿಸಿದರು. ಅವರ ಹತ್ತಿರ ಕಲಿತವಳೇ ಮುದುಕಿಯ ಕಾಲು ಮುರಿದಳೆಂದು ಕೇಳಿ ಇಬ್ಬರು ಗಂಡಂದಿರು ಹೆಂಡತಿಯರನ್ನು ಬಿಡಿಸಿದ್ದರು. ಉಳಿದವರನ್ನು ಅವರೇ ಬೇಡವೆಂದರಂತೆ.

ಮಮತಾ ಹತ್ತು ದಿನಕ್ಕೆಂದು ತವರಿಗೆ ಹೋದಳು. ಅಲ್ಲಿಗೂ ಸುದ್ದಿ ಸುಳ್ಳಿನ ರೂಪದಲ್ಲೇ ಮುಟ್ಟಿತ್ತು. ಅಪ್ಪ ಲಕ್ಷ್ಮೀನರಸಪ್ಪ ಮೊಪೆಡ್ಡಿನ ಮೇಲಿಂದ ಸೊಪ್ಪಿನ ಹೊರೆ ಇಳಿಸುತ್ತ, "ನಾನು ಮೂವತ್ತು ವರ್ಷದಿಂದ ಓಡುಸ್ತಾ ಇವ್ನಿ. ಲೈಸೆನ್ಸೂ ಇಲ್ಲ, ಏನೂ ಇಲ್ಲ. ಒಬ್ರಿಗೂ ತಗುಲಿಸಿಲ್ಲ" ಎಂದ. ಅಮ್ಮ ಕದಿರಮ್ಮ, "ನಿನ್ ಬಾಯಿಗಿಷ್ಟು ಮಣ್ಣಾಕ, ಸುಮ್ಕಿರು" ಎಂದು ಗದರಿದಳು.

ಮಧ್ಯಾಹ್ನ ಹುಳುವಿನ ಮನೆಯಲ್ಲಿ ಅಮ್ಮ ಮಗಳು ಇಬ್ಬರೇ ತಟ್ಟೆಗಳಿಗೆ ಸೊಪ್ಪು ಉದುರಿಸುತ್ತಿದ್ದರು. ಸಾವಿರಾರು ಹುಳು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಮಮತಾ ಎಲ್ಲವನ್ನೂ ಹೇಳಿದಳು.

ಕದಿರಮ್ಮ ಸೊಪ್ಪು ಉದುರಿಸುವುದನ್ನು ನಿಲ್ಲಿಸಲಿಲ್ಲ. "ನಿನ್ನ ಕೇಳ್ದಲೇ ಬರ್ದುಬಿಟ್ನಾ?"

"ಕೇಳ್ಲಿಲ್ಲ."

"ಕೇಳಿದ್ರೆ ಏನಂತಿದ್ದೆ?"

ಮಮತಾ ಅದನ್ನು ಅದುವರೆಗೆ ಯೋಚಿಸಿರಲಿಲ್ಲ. "ಅತ್ತಿರ್ತಿದ್ದೆ. ಜಗಳ ಆಡಿರ್ತಿದ್ದೆ. ಆಮೇಲೆ ಹೂಂ ಅಂದಿರ್ತಿದ್ದೆನೇನೋ ಕಣಮ್ಮ. ಅವನು ಒಂದು ಫೋನು ಮಾಡಿದ್ರೆ ಸಾಕಿತ್ತು. ನಾನು ಏನಂತೀನಿ ಅಂತ ಅವನು ಯೋಚ್ನೇನೂ ಮಾಡ್ಲಿಲ್ಲ. ಗೂಟದಾಗಿರೋ ಕೀಲಿ ತಕ್ಕಂಡಂಗೆ ತಕ್ಕಂಡ."

ಕದಿರಮ್ಮ ತಟ್ಟೆ ಸರಿಸಿ ಇನ್ನೊಂದು ತಟ್ಟೆ ಎಳೆದುಕೊಂಡಳು. "ಇಲ್ಲೇ ಇದ್ದುಬಿಡು ಅನ್ನಕ್ಕೆ ನಂಗೆ ಬಾಯಿ ಬರ್ತೈತೆ. ಆದ್ರೆ ಇಲ್ಲಿದ್ರೆ ತಪ್ಪು ಮಾಡಿ ಓಡ್ ಬಂದವ್ಳೆ ಅಂತಾರೆ ಜನ. ಹೋಗು. ಹೋಗಿ ತಲೆ ಎತ್ಕಂಡು ಓಡಾಡು." ಆ ತಟ್ಟೆಯೂ ಮುಗಿದ ಮೇಲೆ ಕೇಳಿದಳು: "ಗಾಡಿ ಕಲ್ಸಿದ ಆ ಮೇಷ್ಟ್ರಿಗೆ ಹೇಳಿದ್ಯಾ?"

"ಇಲ್ಲ."

ಕೋರ್ಟಿನಲ್ಲಿ ಅವಳ ಹೆಸರು ಕೂಗಿದ್ದು ನಾಲ್ಕು ತಿಂಗಳ ಮೇಲೆ. ತಪ್ಪು ಒಪ್ಪಿಕೊಂಡರೆ ದಂಡ ಹಾಕಿ ಮುಗಿಸುತ್ತಾರೆ, ಲೈಸೆನ್ಸು ಆರು ತಿಂಗಳು ಅಮಾನತಿನಲ್ಲಿರುತ್ತದೆ ಎಂದು ವಕೀಲರು ಹೇಳಿದ್ದರು. ಹಿಂದಿನ ದಿನವೆಲ್ಲ ಮಮತಾ ಮನಸ್ಸಿನಲ್ಲೇ ಇನ್ನೊಂದು ಉತ್ತರ ಕಟ್ಟುತ್ತಿದ್ದಳು. ಅಲ್ಲ ಸ್ವಾಮಿ, ನಾನಲ್ಲ, ನಾನು ಆ ಹೊತ್ತಿಗೆ ಜಿಪ್ಪು ಕೂರಿಸುತ್ತಿದ್ದೆ, ನನಗೆ ಬ್ರೇಕು ಹಿಡಿಯಲು ಬರುತ್ತದೆ. ಕಟಕಟೆಯಲ್ಲಿ ನಿಂತಾಗ ಆ ಮಾತುಗಳು ತುದಿನಾಲಗೆಯ ಮೇಲೇ ಇದ್ದವು.

ನ್ಯಾಯಾಧೀಶರು ಕೇಳಿದರು: ಆರೋಪ ಓದಿ ಹೇಳಿದ್ದು ತಿಳಿಯಿತೇ, ತಪ್ಪು ಒಪ್ಪುತ್ತೀರಾ?

ಹಿಂದಿನ ಬೆಂಚಿನಲ್ಲಿ ಕಾಟಮ್ಮ ಕೂತಿದ್ದಳು. ಕಾಲು ನೆಟ್ಟಗೆ ಕೂಡಿರಲಿಲ್ಲ, ಕಂಕುಳಲ್ಲಿ ಕೋಲು. ಮಮತಾಳ ಬಾಯನ್ನೇ ಅವಳು ನೋಡುತ್ತಿದ್ದಳು, ಹಸಿದವರು ಅನ್ನ ಬಡಿಸುವ ಕೈ ನೋಡುವ ಹಾಗೆ. ಮಮತಾ ಆಕೆಯನ್ನು ನೋಡಿದಳು.

"ಒಪ್ತೀನಿ ಸಾರ್," ಎಂದಳು.

ಹೊರಗೆ ಗುರುಪ್ರಕಾಶ್ ನಿಟ್ಟುಸಿರು ಬಿಟ್ಟು, "ಮುಗೀತಲ್ಲ, ನಡಿ ಇನ್ನ" ಎಂದ. ಅವಳು ಅವನ ಮುಖ ನೋಡಿ ಹೇಳಿದಳು: "ನಿಮ್ಮ ಸಲುವಾಗಿ ಅಲ್ರಿ. ನಿಮ್ಮ ತಮ್ಮನ ಸಲುವಾಗೂ ಅಲ್ಲ. ಅಷ್ಟು ತಿಳ್ಕಳ್ರಿ." ಸಾಯಿಪ್ರಸಾದ ರಿಟನ್‌ನಲ್ಲಿ ಫೇಲಾಗಿ, ಅಷ್ಟರಲ್ಲಾಗಲೇ ಬಳ್ಳಾರಿಯ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದ್ದ. ಯಾರ ಜೀವನ ಉಳಿಸಲು ಅಷ್ಟೆಲ್ಲ ಆಯಿತೋ ಅವನು ಅಂದು ಕೋರ್ಟಿಗೂ ಬಂದಿರಲಿಲ್ಲ.

ಆ ಸಂಜೆಯೇ ಮಮತಾ ಆದಿನಾರಾಯಣರ ಮನೆಗೆ ನಡೆದುಕೊಂಡು ಹೋದಳು. ಅವರು ಅಂಗಳದಲ್ಲಿ ಮೋಟಾರ್ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಅವಳು ನಿಂತಲ್ಲೇ ಹೇಳಿದಳು, ಗುರುವಾರದ ಮಧ್ಯಾಹ್ನದಿಂದ ಹಿಡಿದು ಕೋರ್ಟಿನವರೆಗೆ, ಏನನ್ನೂ ಬಿಡದೆ. ಯಾವ ಬ್ರೇಕು ಹಿಡಿದೆ ಎಂದು ಕೇಳಿದಾಗ ನೆನಪಿಲ್ಲ ಎಂದದ್ದು ಯಾಕೆಂದೂ ಹೇಳಿದಳು.

ಅವರು ಎಣ್ಣೆಯ ಡಬ್ಬಿ ಕೆಳಗಿಟ್ಟರು. ಸಂತೋಷವಾಗುತ್ತದೆಂದು ಮಮತಾ ಎಲ್ಲೋ ಅಂದುಕೊಂಡಿದ್ದಳು. ಅವರ ಮುಖದಲ್ಲಿ ಸಂತೋಷವಿರಲಿಲ್ಲ.

"ನಾಕು ತಿಂಗಳು," ಎಂದರು. "ನಾಕು ತಿಂಗಳು ನಾನು ದಿನಾ ಬೆಳಿಗ್ಗೆ ಎದ್ದು, ಎಲ್ಲಿ ತಪ್ಪು ಕಲಿಸಿದೆ, ಯಾವುದು ಬಿಟ್ಟೆ ಅಂತ ಕುಂತೀನಿ. ಮೂವತ್ತೆರಡು ವರ್ಷದಾಗ ಒಬ್ಬರಿಗೂ ನನ್ನಿಂದ ಪೆಟ್ಟಾಗಿಲ್ಲ ಅನ್ನೋದು ಒಂದೇ ನನ್ನ ಆಸ್ತಿ ಇತ್ತು. ಅದೂ ಹೋತು ಅಂದ್ಕಂಡೆ. ನಿನ್ನ ಗಂಡ ನಿನಗ ಕೇಳದೆ ನಿನ್ನ ಹೆಸರು ಕೊಟ್ಟ, ಖರೆ. ನೀನು ನನಗ ಕೇಳದೆ ನನ್ನ ಹೆಸರು ಕೊಟ್ಟಿ."

ಮಮತಾ ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಅವರು ಒಳಗೆ ಹೋಗಿ ಒಂದು ಲೋಟ ನೀರು ತಂದು ಅವಳ ಪಕ್ಕ ಇಟ್ಟರು.

"ಈಗ ಇದನ್ನ ಹೊರಗ ಹೇಳಂಗಿಲ್ಲ ನೀನು. ಹೇಳಿದ್ರ ಆ ಮುದುಕಿ ಕೇಸು ಮುರದು ಬೀಳ್ತೈತಿ. ಹೌದಿಲ್ಲ?"

"ಹೌದು ಸಾರ್."

"ಕಾಟಮ್ಮನ ಕೇಸು ಮುಗೀಲಿ. ಆಕಿ ಕೈಗೆ ಬರೋದು ಬರ್ಲಿ. ಆಮ್ಯಾಲೆ ನೀನು ಬಂದು ನಾಕು ಮಂದಿ ಮುಂದ ಹೇಳಬೇಕು. ನನ್ನ ಸಲುವಾಗಿ. ಏನಾಗ್ತೈತೋ ಆಗ್ಲಿ."

"ಹೇಳ್ತೀನಿ ಸಾರ್."

"ನೋಡಾಣ," ಎಂದರು ಅವರು. ಡಬ್ಬಿ ಎತ್ತಿಕೊಂಡು ಮತ್ತೆ ಚೈನಿನ ಕಡೆ ತಿರುಗಿದರು.

ಆರು ತಿಂಗಳು ಮಮತಾ ಶೇರ್ ಆಟೋದಲ್ಲೇ ಬಂಡಲು ಹೊತ್ತಳು. ಅಮಾನತು ಮುಗಿದ ಮೇಲೆ ಮತ್ತೆ ಸ್ಕೂಟಿ ತೆಗೆದಳು. ಅದರ ಕೀಲಿ ಈಗ ಅವಳ ಸೊಂಟದಲ್ಲಿರುತ್ತದೆ. ಗಂಡನಿಗೆ ಊಟ ಬಡಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಅವಳಾಗಿ ಏನನ್ನೂ ಹೇಳುವುದಿಲ್ಲ. ಮೊದಮೊದಲು ಗುರುಪ್ರಕಾಶ್ ಅದನ್ನು ಗಮನಿಸಿ ಮುನಿಸಿಕೊಂಡ, ಆಮೇಲೆ ಅಭ್ಯಾಸವಾಯಿತು.

ಕಾಟಮ್ಮನ ಪರಿಹಾರದ ಕೇಸು ಇನ್ನೂ ನಡೆಯುತ್ತಿದೆ. ಒಂದು ಸಲ ವಕೀಲರು ಬರುವುದಿಲ್ಲ, ಇನ್ನೊಂದು ಸಲ ಡಾಕ್ಟರ ಸಾಕ್ಷಿ ಆಗುವುದಿಲ್ಲ. ಪ್ರತಿ ವಾಯಿದೆಗೂ ಮಮತಾ ಮುದುಕಿಯ ಜೊತೆ ಹೋಗುತ್ತಾಳೆ. ಕೋಲು ಹಿಡಿದುಕೊಂಡು ಬಸ್ಸು ಹತ್ತಿಸುತ್ತಾಳೆ, ಮಧ್ಯಾಹ್ನ ಬುತ್ತಿ ಬಿಚ್ಚಿ ಇಬ್ಬರೂ ಕೋರ್ಟಿನ ಜಗಲಿಯಲ್ಲಿ ಉಣ್ಣುತ್ತಾರೆ. ವಕೀಲರನ್ನು ಅವಳು ಕೇಳುವುದು ಒಂದೇ ಮಾತು: "ಯಾವಾಗ ಮುಗೀತೈತ್ರಿ ಇದು?"

ಮೊನ್ನೆ ಗಾರ್ಮೆಂಟ್ಸ್‌ನ ಗೆಳೆಯನೊಬ್ಬ ಮನೆಗೆ ಬಂದಿದ್ದಾಗ ಗುರುಪ್ರಕಾಶ್ ಅವನಿಗೆ ಹೇಳುತ್ತಿದ್ದ: "ನನ್ನ ಹೇಣ್ತಿದು ದೊಡ್ಡ ಮನಸು ನೋಡಪ್ಪ. ಆ ಮುದುಕಿ ಕೇಸು ತನ್ನ ಕೇಸು ಅನ್ನಂಗ ತಿರಗ್ತಾಳ." ಮಮತಾ ಒಳಗೆ ಬಂಡಲಿಗೆ ಹಗ್ಗ ಕಟ್ಟುತ್ತಿದ್ದಳು. ಅವನ ಮಾತು ಕೇಳಿಸಿತು. ತಿದ್ದಲು ಹೋಗಲಿಲ್ಲ. ಹಗ್ಗದ ಗಂಟು ಬಿಗಿದು, ಬಂಡಲು ಎತ್ತಿಕೊಂಡು, ಇಬ್ಬರ ನಡುವೆಯೇ ದಾಟಿ ಹೊರಗೆ ಹೋದಳು.